ಶಾಸನವಾಗದ ಬಾಲ್ಯ

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೇ ಇರುವುದು 1915ರಲ್ಲಿ ಬೆಳಕಿಗೆ ಬಂದಿತು. ಧರ್ಮದ ಫಲವು ದೊಡ್ಡವರ ಸೊತ್ತಲ್ಲ, ಸಣ್ಣವರಿಗೂ ಅದು ಸಾಧ್ಯವೆಂದು ಆ ಶಾಸನವು ಸಾರುತ್ತದೆ. ಆದರೆ ಸಣ್ಣವರು ಕಂಡುದನ್ನು ಕೆತ್ತಿಡುವ ಕಲ್ಲು ಎಲ್ಲಿದೆ?

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಕಥೋಲಿಕ ಕ್ರೈಸ್ತರ ಬಹು ಹಳೆಯ ನೆಲೆಯೊಂದುಂಟು. ಗೋವೆಯಿಂದ ಬಂದ ಪಾದ್ರಿಗಳ ಕಾಲದ್ದೆಂದು ಪ್ರತೀತಿ. ಅಲ್ಲಿ 1948ರಲ್ಲಿ ಹತ್ತು ವರುಷದವನಾಗಿದ್ದ ಬಡ ಕೂಲಿಕಾರನ ಮಗನೊಬ್ಬನನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ನಿಜಾಮ ಸರಕಾರದ ಉರ್ದು, ಗುಡಿಯಲ್ಲಿ ಜಪಸರ. ಮಳೆ ಬಂದರೆ ಜೋಳದ ರೊಟ್ಟಿ, ಬಾರದಿದ್ದರೆ ಅಂಬಲಿ.

ಆಗ ರಜಾಕಾರರ ಹಾವಳಿಯ ಕಾಲ. ರಜಾಕಾರನೆಂದರೆ ಸ್ವಯಂಸೇವಕನೆಂದೇ ಅರ್ಥ. ಇಟಲಿಯ ಕರಿಯಂಗಿಯವರೂ ದೇಶಸೇವೆಯ ಹೆಸರಿನಲ್ಲಿಯೇ ದೊಣ್ಣೆ ಹಿಡಿದಿದ್ದರು. ಸರ್ವಾಧಿಕಾರವು ಬಾಗಿಲಿಗೆ ಬರುವಾಗ ಸೇವೆಯ ವೇಷವನ್ನೇ ತೊಟ್ಟು ಬರುತ್ತದೆ. ಗಡಿಯಾಚೆಯ ಮುಂಡರಗಿಯಲ್ಲಿ ವಿಮೋಚನಾ ಹೋರಾಟಗಾರರ ಶಿಬಿರವೆದ್ದಿತು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಊರು ಬಿಟ್ಟವು. ಸೆಪ್ಟೆಂಬರ್ 18ರಂದು ನಿಜಾಮನ ಸೇನೆ ಶರಣಾಯಿತು.

ಕಥೆಯನ್ನು ಅಲ್ಲಿಗೇ ಮುಗಿಸುವುದು ನಮಗೆ ಹಿತ. ಆದರೆ ಅನಂತರ ಸೇಡು ತಿರುಗಿ ನಿರಪರಾಧಿ ಮುಸಲ್ಮಾನರ ಮೇಲೆ ಎರಗಿತು. ಸಂಸ್ಥಾನದಲ್ಲಿ ಮಿತವಾಗಿ ಎಣಿಸಿದರೂ 27ರಿಂದ 40 ಸಾವಿರ ಜೀವಗಳು ಹೋದವೆಂದು ಸುಂದರಲಾಲ್ ಸಮಿತಿಯು ವರದಿ ಮಾಡಿತು. ಆಳುವವರ ಮತಕ್ಕೂ ಬಹುಜನರ ಮತಕ್ಕೂ ಸೇರದ ಆ ಬಾಲಕನಂಥವನು ಎರಡು ಭಯಗಳಿಗೂ ಸಾಕ್ಷಿ. ಮೊದಲು ಹೆದರಿದ ನೆರೆಯವನು ಒಬ್ಬ, ಆಮೇಲೆ ಹೆದರಿದವನು ಇನ್ನೊಬ್ಬ; ಹಸಿವು ಮಾತ್ರ ಇಬ್ಬರ ಒಲೆಯ ಬಳಿಯೂ ಕುಳಿತಿತ್ತು.

ದ್ವೇಷಕ್ಕೆ ಒಂದೇ ಮತವಿಲ್ಲವೆಂಬ ಈ ಪಾಠವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಅಂದಿನ ಮಕ್ಕಳು ಹೇಳಬಲ್ಲರು. ಅವರೀಗ ತೊಂಬತ್ತರ ಅಂಚಿನಲ್ಲಿದ್ದಾರೆ. ಸಿಂಧನೂರಿನ ಬಯಲಿಗೆ ತುಂಗಭದ್ರೆಯ ಕಾಲುವೆ ಬಂದು ಭತ್ತ ಬೆಳೆದಿದೆ. ಹಳೆಯ ಹಸಿವಿನ ಗುರುತೂ ಅಳಿಯುತ್ತಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಾಲೇಜು ತರುಣರಲ್ಲಿ ನಮ್ಮ ವಿನಂತಿ ಇಷ್ಟೆ: ಈ ರಜೆಯಲ್ಲಿ ನಿಮ್ಮ ಓಣಿಯ ಹಿರಿಯರ ಬಳಿ ಕುಳಿತು, ಅವರ ಮಾತನ್ನು ತಿದ್ದದೆ ಬರೆದುಕೊಳ್ಳಿರಿ. ನೆರೆಯ ಓಣಿಗೂ ಹೋಗಿರಿ. ಬಂಡೆಯು ಎರಡು ಸಾವಿರ ವರುಷ ಕಾದೀತು, ಮುಪ್ಪು ಕಾಯಲಾರದು.