ಮನಸ್ಸು ಓದುವವರಿಗೆ ಮಾತು ಬೇಡವೇ?



ಹೊರನಾಡಿನ ನಮ್ಮ ಮಕ್ಕಳಲ್ಲಿ ಕೆಲವರು ಈಗ ಎಂಜಿನಿಯರಿಂಗ್, ಮೆಡಿಕಲ್ ಎರಡನ್ನೂ ಬಿಟ್ಟು ಕ್ಲಿನಿಕಲ್ ಸೈಕಾಲಜಿಯ ಕಡೆ ಹೊರಟಿದ್ದಾರೆ. ಒಳ್ಳೆಯದೇ. ಅಮೆರಿಕದಲ್ಲಿ ಈ ದಾರಿ ಸುಲಭದ್ದಲ್ಲ. ಪಿಎಚ್‌ಡಿ ಆಗಲಿ, ಸೈ.ಡಿ. ಆಗಲಿ, ಐದಾರು ವರ್ಷ ಹಿಡಿಯುತ್ತದೆ. ಕೊನೆಗೆ ಒಂದು ಪೂರ್ತಿ ವರ್ಷದ ಇಂಟರ್ನ್‌ಶಿಪ್. ಆ ಇಂಟರ್ನ್‌ಶಿಪ್‌ಗೆ ದೇಶವಿಡೀ ಬಳಸುವ ಸಾಮಾನ್ಯ ಅರ್ಜಿಯೊಂದಿದೆ. ಅದರಲ್ಲಿ ಕೇಳುವ ಒಂದು ಪ್ರಶ್ನೆಯ ಸಾರ ಇಷ್ಟು: ಇಂಗ್ಲಿಷ್ ಅಲ್ಲದೆ ಬೇರೆ ಯಾವ ಭಾಷೆಯಲ್ಲಿ ನೀವು ಥೆರಪಿ ನಡೆಸುವಷ್ಟು ಚೆನ್ನಾಗಿ ಮಾತಾಡಬಲ್ಲಿರಿ?

ಗಮನಿಸಿ. ಭಾಷೆ "ಬರುತ್ತಾ" ಅಂತ ಕೇಳುತ್ತಿಲ್ಲ. ಆ ಭಾಷೆಯಲ್ಲಿ ಒಬ್ಬರ ದುಃಖ ಕೇಳಿ ಉತ್ತರ ಕೊಡಲು ಆಗುತ್ತಾ ಅಂತ ಕೇಳುತ್ತಿದೆ. ಇಂಗ್ಲಿಷಿನ ನಾಡಿನಲ್ಲೇ ಇಂಗ್ಲಿಷ್ ಒಂದೇ ಸಾಲದು ಅಂತ ಒಪ್ಪಿಕೊಂಡಿದ್ದಾರೆ!

ಈಗ ನಮ್ಮ ನಾಡಿಗೆ ಬನ್ನಿ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಇದುವರೆಗೆ ಇದ್ದ ಮುಖ್ಯ ದಾರಿ ಎರಡು ವರ್ಷದ ಎಂ.ಫಿಲ್. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಹಾಕಿದ ನಿಯಮ ಏನು? ಮನೋವಿಜ್ಞಾನದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ., ಅದರಲ್ಲಿ ಶೇಕಡಾ 55 ಅಂಕ, ಮೇಲೆ ಪ್ರವೇಶ ಪರೀಕ್ಷೆ. ಮುಂದೆ ಯಾರ ಎದುರು ಕೂರಬೇಕೋ ಆ ಜನರ ಭಾಷೆ ಬರಬೇಕು ಅನ್ನುವುದು ಈ ಅರ್ಹತೆಯ ಪಟ್ಟಿಯಲ್ಲಿ ಇಲ್ಲ.

ಎಲುಬು ಮುರಿದರೆ ಎಕ್ಸ್-ರೇ ಇದೆ, ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಕೈಲಿರುವ ಸಲಕರಣೆ ಯಾವುದು? ಮಾತು. ರೋಗ ಗುರುತಿಸುವುದೂ ಮಾತಿನಿಂದ, ಚಿಕಿತ್ಸೆಯೂ ಮಾತಿನಿಂದಲೇ. ಆ ಮಾತೇ ಬಾರದವರಿಗೆ ಸೀಟು ಕೊಡುವುದೆಂದರೆ ಕತ್ತರಿ ಹಿಡಿಯಲು ಬಾರದವರನ್ನು ದರ್ಜಿ ಕೆಲಸಕ್ಕೆ ಕೂರಿಸಿದಂತೆ.

ಇದು ಬರೀ ವಾದವಲ್ಲ. ನಮ್ಮ ದೊಡ್ಡಮ್ಮ ತುಮಕೂರು ಕಡೆಯ ಹಳ್ಳಿಯವರು. ದೊಡ್ಡಪ್ಪ ತೀರಿಕೊಂಡ ಮೇಲೆ ಊಟ, ನಿದ್ದೆ ಎರಡೂ ಬಿಟ್ಟಿದ್ದರು. ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ತರಬೇತಿಯಲ್ಲಿದ್ದ ಹುಡುಗಿ ಒಳ್ಳೆಯವಳೇ, ಪಾಪ. ಆದರೆ ಕನ್ನಡ ಬಾರದು. ದೊಡ್ಡಮ್ಮನ ಮಗ ಮಧ್ಯೆ ಕೂತು ಅನುವಾದ ಮಾಡಿದ. "ಜೀವ ಸಾಕಾಗಿದೆ ಕಣಮ್ಮಾ" ಅಂತ ದೊಡ್ಡಮ್ಮ ಅಂದರೆ, ಸುಸ್ತಾಗಿದೆಯಂತೆ ಅಂತ ಇಂಗ್ಲಿಷಿನಲ್ಲಿ ಹೇಳಿದ. ಸಾಯುವ ಯೋಚನೆ ಇದೆಯಾ ಅಂತ ಅವಳು ಕೇಳಬೇಕಿದ್ದ ಜಾಗ ಅದೇ. ಅವಳು ಬರೆದುಕೊಂಡಿದ್ದು ಸುಸ್ತು! ಇನ್ನು ಸೊಸೆಯ ಜೊತೆ ಏನಾಯಿತು, ಮಗನ ಮೇಲೆ ಎಷ್ಟು ನೋವಿದೆ ಅನ್ನುವುದನ್ನು ಆ ಮಗನ ಬಾಯಿಂದಲೇ ದೊಡ್ಡಮ್ಮ ಹೇಗೆ ಹೇಳಿಸಬೇಕಿತ್ತು?

ಈ ಮಾತೆತ್ತಿದರೆ ಬರುವ ಉತ್ತರಗಳು ನಿಮಗೆ ಗೊತ್ತು.

"ಇವು ಅಖಿಲ ಭಾರತ ಮಟ್ಟದ ಸೀಟು, ಮೆರಿಟ್ ಮುಖ್ಯ." ಹೊರಗಿನವರು ಬರಬಾರದು ಅಂತ ಯಾರೂ ಹೇಳುತ್ತಿಲ್ಲ. ಬರಲಿ, ಕಲಿಯಲಿ. ಆದರೆ ಈ ಕೆಲಸದಲ್ಲಿ ರೋಗಿಯ ಭಾಷೆಯೂ ಮೆರಿಟ್ಟೇ ತಾನೆ?

"ಬೆಂಗಳೂರಿಗೆ ತಮಿಳು, ತೆಲುಗು, ಬಂಗಾಳಿ ಆಡುವ ರೋಗಿಗಳೂ ಬರುತ್ತಾರೆ." ನಿಜ. ಹಾಗಿದ್ದರೆ ಅಭ್ಯರ್ಥಿಗೆ ಯಾವ ಭಾಷೆ ಬರುತ್ತೆ ಅಂತ ಕೇಳಲು ಇನ್ನೊಂದು ಕಾರಣ ಸಿಕ್ಕಿತಲ್ಲ!

"ಕನ್ನಡದಲ್ಲಿ ಸೈಕಾಲಜಿಗೆ ಪದಗಳೆಲ್ಲಿವೆ?" ಇದಂತೂ ತಿಳಿಯದೆ ಆಡುವ ಮಾತು. ಮಕ್ಕಳ ಬುದ್ಧಿಶಕ್ತಿ ಅಳೆಯಲು ಭಾರತದಲ್ಲಿ ದಶಕಗಳಿಂದ ಬಳಸುತ್ತಿರುವ ಬಿನೆ-ಕಾಮತ್ ಪರೀಕ್ಷೆ ಇದೆಯಲ್ಲ, ಅದನ್ನು ವಿ. ವಿ. ಕಾಮತ್ ರೂಪಿಸಿದ್ದೇ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ಅವರ ಪುಸ್ತಕ ಬಂದದ್ದು 1940ರಲ್ಲಿ. ಕೊರವಂಜಿಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದ ಮನಮಂಥನಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಇದೇ ವಿಷಯದ ಮೇಲೆ ಕನ್ನಡದಲ್ಲಿ ಪುಸ್ತಕಗಳ ಸಾಲನ್ನೇ ಬರೆದಿದ್ದಾರೆ. ಪದಗಳಿಗೆ ಕೊರತೆ ಇಲ್ಲ. ಕೇಳುವವರಿಗೆ ಕೊರತೆ.

ಕಾನೂನೂ ನಮ್ಮ ಪರ ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 4ನೇ ಕಲಮು, ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಕೊಡಬೇಕು ಅನ್ನುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು. ಫೋನಿನಲ್ಲಿ ಬೇಕಾದ ಕನ್ನಡ ಎದುರು ಕೂತಾಗ ಬೇಡವಾಗುವುದು ಯಾವ ನ್ಯಾಯ?

ಈಗಲೇ ಯಾಕೆ ಈ ಮಾತು ಅಂದರೆ, ನಿಯಮಗಳು ಬದಲಾಗುತ್ತಿರುವ ಹೊತ್ತಿದು. 2022ರ ನವೆಂಬರಿನಲ್ಲಿ ಯುಜಿಸಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025-26ರ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಎಂ.ಫಿಲ್ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. ಹೊಸ ಕೋರ್ಸು ಅಂದರೆ ಹೊಸ ಅರ್ಜಿ. ಆ ಅರ್ಜಿಯಲ್ಲಿ ಭಾಷೆಯ ಪ್ರಶ್ನೆ ಸೇರಿಸಿ ಅಂತ ಕೇಳಲು ಇದಕ್ಕಿಂತ ಒಳ್ಳೆ ಸಮಯವಿಲ್ಲ.

ನಮ್ಮ ಬೇಡಿಕೆ ಮೂರೇ:

1. ಕರ್ನಾಟಕದಲ್ಲಿ ನಡೆಯುವ ಪ್ರತಿ ಕ್ಲಿನಿಕಲ್ ಸೈಕಾಲಜಿ ಕೋರ್ಸಿನ ಅರ್ಜಿಯಲ್ಲೂ, ಯಾವ ಭಾಷೆಯಲ್ಲಿ ಚಿಕಿತ್ಸೆ ಕೊಡಬಲ್ಲಿರಿ ಅಂತ ಕೇಳಬೇಕು. ಅದಕ್ಕೆ ಆಯ್ಕೆಯಲ್ಲಿ ಅಂಕ ಇರಬೇಕು.

2. ಕನ್ನಡ ಬಾರದೆ ಸೇರಿದವರು ಮೊದಲ ಆರು ತಿಂಗಳಲ್ಲಿ ಮಾತಿನ ಕನ್ನಡದ ಪರೀಕ್ಷೆ ಪಾಸಾಗಬೇಕು. ಅಲ್ಲಿಯವರೆಗೆ ಕನ್ನಡದ ರೋಗಿಯನ್ನು ಒಬ್ಬರೇ ನೋಡಕೂಡದು.

3. ರಾಜ್ಯದ ವಿಶ್ವವಿದ್ಯಾಲಯಗಳ ಅಡಿಯ ಕಾಲೇಜುಗಳಲ್ಲಿ ಇದನ್ನು ಮೊದಲು ಜಾರಿ ಮಾಡಬೇಕು. ಅದಕ್ಕೆ ದೆಹಲಿಯ ದಾರಿ ಕಾಯುತ್ತಾ ಕೂರಬೇಕಿಲ್ಲ.

ರಾಜ್ಯದ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ನಿಮ್ಮ ಊರಿನ ಶಾಸಕರಿಗೆ ಈ ವಾರವೇ ಒಂದೊಂದು ಪತ್ರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ಕೊನೆಗೆ ನಮ್ಮ ಮನೆಗಳ ಮಾತು. ಸೈಕಾಲಜಿ ಓದುತ್ತೇನೆ ಅಂದ ಮಕ್ಕಳಿಗೆ "ಹುಚ್ಚರ ಡಾಕ್ಟರ್ ಆಗ್ತೀಯಾ?" ಅಂತ ಕೇಳುವವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಬಿಡಿ. ಮಗ ಸಾಫ್ಟ್‌ವೇರ್ ಕೆಲಸಕ್ಕೆ ಹೋದಾಗ ಅತ್ತೆ ಮಾವನವರನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇವೆ. ಅವರು ನಾಲ್ಕು ಗೋಡೆ ಮಧ್ಯೆ ಒಂಟಿಯಾಗಿ ಮಂಕಾದರೆ, ಕನ್ನಡದಲ್ಲಿ ಕೇಳುವ ಒಬ್ಬ ಥೆರಪಿಸ್ಟ್ ಹುಡುಕುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ನಿಮ್ಮ ಮಗಳು ಆ ಇಂಟರ್ನ್‌ಶಿಪ್ ಅರ್ಜಿ ತುಂಬುವ ದಿನ ಭಾಷೆಯ ಜಾಗದಲ್ಲಿ "ಕನ್ನಡ" ಅಂತ ಧೈರ್ಯವಾಗಿ ಬರೆಯುವಂತಾಗಬೇಕಾದರೆ, ಇವತ್ತು ರಾತ್ರಿ ಊಟದ ಹೊತ್ತಿಗೆ ಅವಳ ಜೊತೆ ಕನ್ನಡದಲ್ಲಿ ಮಾತಾಡಿ.

ಸಿರಿಗನ್ನಡಂ ಗೆಲ್ಗೆ!

ಇಂತಿ ನಿಮ್ಮವ,
ಒಬ್ಬ ಹೊರನಾಡ ಕನ್ನಡಿಗ