ಜೌಗುನೆಲದ ಹೂಗಳು: ಕೀಳುವ ಮುನ್ನ ಗುರುತಿಸಿರಿ

ಬಿತ್ತದೆ ಬೆಳೆದುದೆಲ್ಲವೂ ಕಳೆಯೆಂಬ ಭಾವನೆಯು ನಮ್ಮಲ್ಲಿ ಬಲವಾಗಿ ಬೇರೂರಿದೆ. ಗದ್ದೆಯ ಬದು, ಕೆರೆಯ ಅಂಚು, ಕಾಲುವೆಯ ದಡ ಮೊದಲಾದ ತೇವದ ನೆಲಗಳಲ್ಲಿ ಅರಳುವ ಕಾಡುಹೂಗಳನ್ನು ಗುರುತಿಸದೆ ನಾಶಮಾಡುವುದು ಸಾಗುವಳಿದಾರನಿಗೇ ನಷ್ಟವೆಂಬುದು ನನ್ನ ಅಭಿಪ್ರಾಯ.

ನೌಕರಿಗೆ ಸೇರಿದ ಹೊಸತರಲ್ಲಿ, ಮಲೆನಾಡಿನ ಹಳ್ಳಿಯೊಂದರಲ್ಲಿ, ಬದುವಿನ ಹಸುರಿಗೆಲ್ಲ ಕಳೆನಾಶಕವನ್ನು ಸಿಂಪಡಿಸಬೇಕೆಂದು ನಾನು ಹೇಳಿದೆನು. ಆಗ ವೃದ್ಧೆಯೊಬ್ಬರು, "ಸ್ವಾಮಿ, ಅದು ಒಂದೆಲಗ. ನಾವು ತಂಬುಳಿ ಮಾಡುವ ಸೊಪ್ಪಿಗೆ ವಿಷ ಹಾಕುವುದೇ?" ಎಂದರು. ನಾನು ನಿರುತ್ತರನಾದೆನು.

ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಬ್ರಾಹ್ಮಿಯೆಂಬ ಒಂದೇ ಹೆಸರು ಬಳಕೆಯಲ್ಲಿರುವುದರಿಂದ ಒಂದನ್ನು ಮತ್ತೊಂದೆಂದು ತಿಳಿಯುವುದುಂಟು. ಒಂದೆಲಗದ ಎಲೆಯು ಉದ್ದವಾದ ತೊಟ್ಟಿನ ಮೇಲೆ ದುಂಡಗಿದ್ದು, ಬುಡದಲ್ಲಿ ಸೀಳಿ, ಅಂಚಿನಲ್ಲಿ ಹಲ್ಲುಗಳುಳ್ಳದ್ದು. ಹೂ ಅತಿ ಕಿರಿದು, ಎಲೆಗಳ ಮರೆಯಲ್ಲಿರುವುದು. ನೀರುಬ್ರಾಹ್ಮಿಯ ಎಲೆಯು ಚಿಕ್ಕದು, ದಪ್ಪ, ಜೋಡಿಜೋಡಿಯಾಗಿ ಎದುರುಬದುರಾಗಿರುವುದು. ಹೂ ಬಿಳಿ ಅಥವಾ ತಿಳಿನೇರಿಳೆ, ಐದು ಎಸಳಿನದು.

ಇನ್ನು ಕೆಲವು ಹೂಗಳು ನೆಲದ ಗುಣವನ್ನು ತಿಳಿಸುತ್ತವೆ. ಕರಾವಳಿ ಮಲೆನಾಡುಗಳ ಮುರಕಲ್ಲಿನ ಜೌಗಿನಲ್ಲಿ, ಎಲೆಯ ಕೆಂಪು ರೋಮಗಳ ತುದಿಯಲ್ಲಿ ಅಂಟುಹನಿಗಳನ್ನು ಹೊತ್ತ ಡ್ರಾಸೆರವೂ, ನೆಲದೊಳಗಿನ ಕಿರುಚೀಲಗಳಿಂದ ಸೂಕ್ಷ್ಮಜೀವಿಗಳನ್ನು ಹಿಡಿಯುವ, ನೀಲಿ ಹೂವಿನ ಯುಟ್ರಿಕ್ಯುಲೇರಿಯವೂ ಕಾಣುವುವು. ಇವು ಸಾರಜನಕ ಕಡಮೆಯಾದ ನೆಲದಲ್ಲಿ ಕೀಟಗಳಿಂದ ಆ ಕೊರತೆಯನ್ನು ತುಂಬಿಕೊಳ್ಳುವ ಸಸ್ಯಗಳು. ಚಾರ್ಲ್ಸ್ ಡಾರ್ವಿನನು 1875ರಲ್ಲಿ ಇಂತಹ ಸಸ್ಯಗಳ ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು. ಇವು ಕಂಡೆಡೆಯಲ್ಲಿ ಮಣ್ಣನ್ನು ಪರೀಕ್ಷಿಸಿ, ಆ ಬಳಿಕ ಗೊಬ್ಬರದ ಪ್ರಮಾಣವನ್ನು ನಿಶ್ಚಯಿಸುವುದು ಯುಕ್ತ.

ಆದರೆ ಅಂದವಾದುದೆಲ್ಲವೂ ಹಿತಕರವಲ್ಲ. ದಕ್ಷಿಣ ಅಮೆರಿಕದಿಂದ ಬಂದ, ಉಬ್ಬಿದ ತೊಟ್ಟಿನಿಂದ ತೇಲುವ ಜಲಸಸ್ಯವೊಂದು ನೇರಿಳೆ ಹೂಗೊಂಚಲಿನಿಂದ ಕಣ್ಸೆಳೆಯುವುದು. ಅದರ ಮೇಲಿನ ಎಸಳಿನಲ್ಲಿ ಹಳದಿ ಚುಕ್ಕೆಯಿರುವುದು. ಹಲವರು ಇದನ್ನೂ ಅಂತರಗಂಗೆಯೆಂದೇ ಕರೆಯುವರು. ಇದು ಬಳ್ಳಿಯಂತೆ ಮರಿಗಳನ್ನು ಚಾಚಿ ಕೆರೆಯನ್ನು ಮುಚ್ಚುವುದು; ಬೀಜಗಳು ಕೆಸರಿನಲ್ಲಿ ಅನೇಕ ವರ್ಷ ಉಳಿಯುವುವು. ಇದನ್ನು ಅಂದಕ್ಕಾಗಿ ತಂದು ಕೆರೆಗೆ ಬಿಡುವುದು ದೊಡ್ಡ ತಪ್ಪು. ಕಂಡೊಡನೆ, ಹೂ ಬಿಡುವ ಮುನ್ನವೇ, ತೆಗೆದುಹಾಕತಕ್ಕದ್ದು.

ಉಳಿಸಬೇಕಾದುದು, ಅರಿಯಬೇಕಾದುದು, ತೆಗೆಯಬೇಕಾದುದು ಈ ಮೂರನ್ನೂ ಬೇರ್ಪಡಿಸಲು ಮೊದಲು ಗುರುತು ಬೇಕು. ಆದುದರಿಂದ ಮಳೆಗಾಲ ಮುಗಿದೊಡನೆ ಗ್ರಾಮಶಾಲೆಯ ಉಪಾಧ್ಯಾಯರು ಮಕ್ಕಳನ್ನು ಬದುಗಳಿಗೆ ಕರೆದೊಯ್ದು, ಒಂದೊಂದು ಹೂವನ್ನು ಕಾಗದದ ನಡುವೆ ಒತ್ತಿಟ್ಟು, ಹಿರಿಯರಿಂದ ಕೇಳಿದ ಊರ ಹೆಸರನ್ನು ಬರೆದಿಡಿಸಲಿ. ಇಲಾಖೆಯ ನಾವೂ ಔಷಧದ ಡಬ್ಬಿಯನ್ನು ತೆರೆಯುವ ಮುನ್ನ ಆ ಹಿರಿಯರನ್ನು ಒಂದು ಮಾತು ಕೇಳೋಣ.