ಒಂದು ಕುರ್ಚಿ ಹಾಕಿ ಸ್ವಾಮಿ!

ಸಂಜೆ ಏಳರ ಹೊತ್ತಿಗೆ ನಮ್ಮ ಹಾಸನದ ಯಾವ ಮೆಡಿಕಲ್ ಸ್ಟೋರ್ ಮುಂದೆ ಬೇಕಾದರೂ ಹೋಗಿ ನಿಂತು ನೋಡಿ. ಗಾಜಿನ ಕೌಂಟರ್ ಮೇಲೆ ಒಂದು ಕಡೆ ಕೆಮ್ಮಿನ ಸಿರಪ್ಪು, ಇನ್ನೊಂದು ಕಡೆ ಮಕ್ಕಳ ಹಾಲಿನ ಪುಡಿಯ ಡಬ್ಬ, ನಡುವೆ ಅಂಗೈಯಗಲದ ಒಂದು ಯಂತ್ರ. ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮಾಸಿದ ಬಟ್ಟೆಯ ಪಟ್ಟಿ. ‘ಇಲ್ಲಿ ಬಿ.ಪಿ. ನೋಡಲಾಗುವುದು’ ಎಂದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಬೋರ್ಡು. ಕೆಲವು ಕಡೆ ಇಪ್ಪತ್ತು ರೂಪಾಯಿ, ಕೆಲವು ಕಡೆ ಮೂವತ್ತು. ಮಾತ್ರೆ ಕೊಂಡರೆ ಬಿಟ್ಟಿ!

ಬಂದವನು ನಿಂತೇ ಇರುತ್ತಾನೆ. ಹುಡುಗ ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತುತ್ತಾನೆ. ಗುಂಡಿ ಒತ್ತಿ, ಯಂತ್ರ ಗುಂಯ್ಗುಡುತ್ತಿರುವಾಗಲೇ ಇನ್ನೊಬ್ಬ ಗಿರಾಕಿಗೆ ಚಿಲ್ಲರೆ ಎಣಿಸುತ್ತಾನೆ. ಬಂದವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ, ಅವನು ಇನ್ನೊಂದು ಕೈಯಲ್ಲಿ ಅದನ್ನೆತ್ತಿ ‘ಹಾ, ಬಂದೆ ಕಣೋ, ಮೆಡಿಕಲ್ ಹತ್ರ ಇದೀನಿ’ ಅನ್ನುತ್ತಾನೆ. ಅಷ್ಟರಲ್ಲಿ ಯಂತ್ರ ತೀರ್ಪು ಕೊಟ್ಟಾಗಿರುತ್ತದೆ. ‘ನೂರರವತ್ತು ಸಾರ್, ಜಾಸ್ತಿ ಐತೆ.’ ಮುಗಿಯಿತು. ಆ ಮನುಷ್ಯನಿಗೆ ಆ ರಾತ್ರಿ ನಿದ್ದೆಯಿಲ್ಲ.

ನನಗೂ ಇದೇ ಆಯಿತೆನ್ನಿ. ಕಟ್ಟಿನಕೆರೆ ಮಾರುಕಟ್ಟೆಯಿಂದ ಎರಡು ಕೈಯಲ್ಲಿ ಚೀಲ ಹಿಡಿದು, ದಾರಿಯಲ್ಲಿ ಒಂದು ಸ್ಟ್ರಾಂಗ್ ಕಾಫಿ ಕುಡಿದು, ಬಿಸಿಲಲ್ಲಿ ನಡೆದು ಬಂದವನು ‘ನೋಡೇ ಬಿಡೋಣ’ ಎಂದು ಅಂಗಡಿಯೊಂದರಲ್ಲಿ ಕೈ ಚಾಚಿದೆ. 164/98 ಅಂತು ಯಂತ್ರ. ಹುಡುಗ ಒಳ್ಳೆಯವನೇ, ಮುಖದಲ್ಲಿ ಮರುಕವೂ ಇತ್ತು. ‘ಒಂದು ಸ್ಟ್ರಿಪ್ ಕೊಡ್ಲಾ ಸಾರ್? ಎಲ್ಲಾರೂ ಇದನ್ನೇ ತಗೊಳ್ಳೋದು’ ಎಂದ. ನಾನು ಬೇಡವೆಂದು ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಪರಿಚಯದ ಡಾಕ್ಟರೊಬ್ಬರ ಹತ್ತಿರ ಹೋದರೆ ಅವರು ಮೊದಲು ಮಾಡಿದ ಕೆಲಸ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಐದು ನಿಮಿಷ ಸುಮ್ಮನಿರಲು ಹೇಳಿದ್ದು. ಆಮೇಲೆ ನೋಡಿದರೆ 136/84. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರೆ 132. ರಾತ್ರಿಯೆಲ್ಲಾ ನಾನು ಮನಸ್ಸಿನಲ್ಲೇ ಬರೆದಿಟ್ಟಿದ್ದ ಉಯಿಲು ವ್ಯರ್ಥವಾಯಿತು!

ಇದನ್ನು ಹೇಳಿದ ಕೂಡಲೆ ‘ಹಾಗಾದರೆ ಮೆಡಿಕಲ್ ಶಾಪಿನಲ್ಲಿ ಬಿ.ಪಿ. ನೋಡಿಸಬಾರದು, ಅದೆಲ್ಲಾ ಮೋಸ’ ಎಂದು ಬುದ್ಧಿವಂತರು ಎದ್ದು ನಿಲ್ಲುತ್ತಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ನೋಡಿಸಲೇಬೇಕು. ಯಾಕೆ ಅಂದರೆ, ಬೇರೆ ದಾರಿ ಯಾರಿಗಿದೆ? ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತರೆ ಕೂಲಿಯವನಿಗೆ ಅರ್ಧ ದಿನದ ಸಂಬಳ ಹೋಯಿತು. ಖಾಸಗಿ ಡಾಕ್ಟರಿಗೆ ಫೀಜು ಕೊಡಬೇಕು. ಮೂವತ್ತು ದಾಟಿದವರಿಗೆಲ್ಲಾ ಬಿ.ಪಿ., ಶುಗರ್ ಉಚಿತವಾಗಿ ನೋಡುವ ಏರ್ಪಾಡು ಸರ್ಕಾರದ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಇದೆ, ಒಳ್ಳೆಯ ಏರ್ಪಾಡೇ. ಆದರೆ ಆಟೋದವನು, ಗಾರೆ ಕೆಲಸದವನು, ಹೋಟೆಲ್ ಸಪ್ಲೈಯರ್ ಕೆಲಸ ಮುಗಿಸಿ ಬರುವ ಹೊತ್ತಿಗೆ ಅಲ್ಲಿ ಬೀಗ. ರಾತ್ರಿ ಹತ್ತರವರೆಗೆ ದೀಪ ಉರಿಯುವುದು ಮೆಡಿಕಲ್ ಸ್ಟೋರಿನಲ್ಲಿ ಮಾತ್ರ.

ಬಿ.ಪಿ. ಎಂಬ ಈ ಮಹಾರಾಯ ತಲೆನೋವು ಕೊಟ್ಟು, ಜ್ವರ ಬರಿಸಿ, ಮುನ್ಸೂಚನೆ ಕೊಟ್ಟು ಬರುವವನಲ್ಲ. ಸದ್ದಿಲ್ಲದೆ ಬಂದು ಹತ್ತು ವರ್ಷ ಮನೆಯಲ್ಲೇ ಇದ್ದು ಒಂದು ದಿನ ಗೋಡೆ ಒಡೆಯುವ ಕಳ್ಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿನೈದು ದಾಟಿದ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ, ಹೆಂಗಸರಲ್ಲಿ 21 ಮಂದಿಗೆ ರಕ್ತದೊತ್ತಡ ಹೆಚ್ಚು. ಇವರಲ್ಲಿ ಎಷ್ಟೋ ಜನಕ್ಕೆ ತಮಗಿದೆ ಎಂಬುದೇ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇಡೀ ಪ್ರಪಂಚದ ಲೆಕ್ಕ ಕೊಟ್ಟಾಗಲೂ ಹೇಳಿದ್ದು ಇದನ್ನೇ: ಸುಮಾರು ಅರ್ಧದಷ್ಟು ಮಂದಿಗೆ ಅರಿವೇ ಇಲ್ಲ.

ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕೆ? 2025ರ ಮೇ-ಜೂನ್ ತಿಂಗಳನ್ನು ಯಾರು ಮರೆತಾರು! ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು, ಅದರಲ್ಲಿ ಹರೆಯದವರೂ ಇದ್ದರು, ಚಾಲಕರೂ ಇದ್ದರು. ಟಿ.ವಿ.ಯವರು ಬೆಳಿಗ್ಗೆಯಿಂದ ರಾತ್ರಿವರೆಗೆ ಹಾಸನ ಹಾಸನ ಎಂದು ಕೂಗಿ, ಮದುವೆ ಮನೆಗೆ ಹೋದರೆ ‘ನಿಮ್ಮೂರಲ್ಲಿ ಏನಂತೆ?’ ಎಂದು ನೆಂಟರು ಕೇಳುವ ಹಾಗಾಯಿತು. ಜನ ಕಂಗಾಲಾಗಿ ಮೈಸೂರಿನ ಜಯದೇವ ಆಸ್ಪತ್ರೆ ಬಾಗಿಲಲ್ಲಿ ಬೆಳಗಿನ ಜಾವದಿಂದಲೇ ಸಾಲು ಹಚ್ಚಿದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಜುಲೈನಲ್ಲಿ ವರದಿ ಬಂತು. ಜಿಲ್ಲೆಯಲ್ಲಿ ಹೃದಯಾಘಾತ ಅಸಾಮಾನ್ಯವಾಗಿ ಏರಿಲ್ಲ. ಸತ್ತವರಲ್ಲಿ ಹಲವರಿಗೆ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಬೊಜ್ಜು ಇಂಥ ಹಳೇ ಕಾರಣಗಳೇ ಇದ್ದವು ಎಂಬುದು ಅದರ ಸಾರಾಂಶ.

ಆ ಎರಡು ತಿಂಗಳು ಮೆಡಿಕಲ್ ಸ್ಟೋರುಗಳ ಬಿ.ಪಿ. ಯಂತ್ರಗಳಿಗೆ ಪುರುಸೊತ್ತೇ ಇರಲಿಲ್ಲ. ಆ ಗದ್ದಲದಲ್ಲೇ ನಮ್ಮ ಬೀದಿಯ ಆಟೋ ಚಾಲಕನೊಬ್ಬ, ವಯಸ್ಸು ಮೂವತ್ತೆಂಟು, ಗೆಳೆಯರ ಒತ್ತಾಯಕ್ಕೆ ಕೈ ಕೊಟ್ಟ. 190 ದಾಟಿತ್ತು. ಅಂಗಡಿಯ ಯಜಮಾನರು ಅವನಿಗೆ ಮಾತ್ರೆ ಮಾರಲಿಲ್ಲ, ತಾವೇ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಇವತ್ತಿಗೂ ಅವನು ಆಟೋ ಓಡಿಸುತ್ತಿದ್ದಾನೆ, ಬೆಳಿಗ್ಗೆ ಮಾತ್ರೆ ನುಂಗಿ. ಆ ಇಪ್ಪತ್ತು ರೂಪಾಯಿಯ ಕೆಲಸಕ್ಕೆ ಯಾರು ಬೆಲೆ ಕಟ್ಟುತ್ತೀರಿ?

ಇನ್ನು ನಿವೃತ್ತ ಮೇಷ್ಟ್ರೊಬ್ಬರ ವಿಷಯ. ಆರೇಳು ವರ್ಷದಿಂದ ಬಿ.ಪಿ. ಮಾತ್ರೆ ತಗೊಳ್ಳುತ್ತಿದ್ದರು. ಅಂಗಡಿಯಲ್ಲಿ ಒಂದು ದಿನ ನೋಡಿಸಿದರೆ 120/80. ‘ಫುಲ್ ನಾರ್ಮಲ್ ಐತಲ್ಲ ಯಜಮಾನ್ರೆ, ಇನ್ಯಾಕೆ ಮಾತ್ರೆ?’ ಎಂದ ಹುಡುಗ. ಮೇಷ್ಟ್ರಿಗೂ ಅದೇ ಬೇಕಿತ್ತು. ನಿಲ್ಲಿಸಿದರು. ನಾರ್ಮಲ್ ಇದ್ದದ್ದೇ ಆ ಮಾತ್ರೆಯಿಂದ ಎಂದು ಹೇಳುವವರು ಆ ಹೊತ್ತಿಗೆ ಅಲ್ಲಿರಲಿಲ್ಲ. ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಮಾತು ತೊದಲಿತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆದ ಬಲಗೈ ಈಗ ಮಡಿಲಲ್ಲಿ ಬಿದ್ದಿರುತ್ತದೆ. ಪಿಂಚಣಿ ಕಾಗದಕ್ಕೆ ಎಡಗೈಯಲ್ಲಿ ಸಹಿ. ‘ಹುಡುಗಂದು ತಪ್ಪಿಲ್ಲಪ್ಪ, ನಾನೇ ಕೇಳಿದೆ, ಅವನು ಹೇಳಿದ’ ಅನ್ನುತ್ತಾರೆ. ಮೇಷ್ಟ್ರಲ್ಲವೇ, ಹುಡುಗರನ್ನು ಬಿಟ್ಟುಕೊಡುವುದಿಲ್ಲ.

ಒಂದೇ ಯಂತ್ರ, ಒಂದೇ ಊರು. ಒಬ್ಬ ಬದುಕಿದ, ಒಬ್ಬರ ಕೈ ಹೋಯಿತು. ವ್ಯತ್ಯಾಸ ಕೌಂಟರಿನ ಒಳಗೆ ನಿಂತವರು ಯಾರು ಎಂಬುದರಲ್ಲಿ. 1948ರ ಫಾರ್ಮಸಿ ಕಾಯಿದೆಯ ಪ್ರಕಾರ ಡಾಕ್ಟರ ಚೀಟಿಯ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರು. ನಮ್ಮಲ್ಲಿ ಬಹಳ ಕಡೆ ಅವರ ಸರ್ಟಿಫಿಕೇಟು ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ನೇತಾಡುತ್ತದೆ, ಅವರು ಮಾತ್ರ ಎಲ್ಲೂ ಕಾಣುವುದಿಲ್ಲ. ಬಿ.ಪಿ. ಮಾತ್ರೆಯ ಪಟ್ಟಿಯ ಮೇಲೆ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಅಚ್ಚು ಹಾಕಿರುತ್ತಾರೆ. ಅದು ಇಂಗ್ಲಿಷಿನಲ್ಲಿ, ಅದೂ ಇರುವೆ ಗಾತ್ರದ ಅಕ್ಷರದಲ್ಲಿ! ಓದುವವರಾರು? ಇಂಗ್ಲೆಂಡಿನಲ್ಲಿ 2021ರಿಂದ ನಲವತ್ತು ದಾಟಿದವರಿಗೆ ಔಷಧಿ ಅಂಗಡಿಯಲ್ಲೇ ಪುಕ್ಕಟೆ ಬಿ.ಪಿ. ನೋಡುತ್ತಾರೆ, ಸರ್ಕಾರವೇ ಅಂಗಡಿಗೆ ಹಣ ಕೊಡುತ್ತದೆ. ಹೆಚ್ಚು ಬಂದರೆ ಅಲ್ಲಿ ಮಾತ್ರೆ ಮಾರುವುದಿಲ್ಲ, ಡಾಕ್ಟರಿಗೆ ತಿಳಿಸುತ್ತಾರೆ. ಇಂಗ್ಲೆಂಡಿನ ಹಾಗೆ ಎಲ್ಲವೂ ಇಲ್ಲಾಗಲಿ ಎಂದು ನಾನು ಹೇಳುವುದಿಲ್ಲ. ಆದರೆ ಔಷಧಿ ಅಂಗಡಿಯೂ ಆರೋಗ್ಯ ಇಲಾಖೆಯ ಒಂದು ಕೈ ಆಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಈಗ ಕುರ್ಚಿಯ ವಿಷಯಕ್ಕೆ ಬರೋಣ. ನಗಬೇಡಿ, ಇಡೀ ತಕರಾರೇ ಕುರ್ಚಿಯದು. ಡಾಕ್ಟರು ಅಂದು ನನಗೆ ಹೇಳಿದ್ದಿಷ್ಟು. ಬೆನ್ನಿಗೆ ಒರಗು ಇರಬೇಕು, ಪಾದ ಎರಡೂ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಿದರೂ ಲೆಕ್ಕ ಏರುತ್ತದೆ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಕೈ ಕೆಳಗೆ ಜೋತು ಬಿದ್ದಿದ್ದರೆ ಹತ್ತು ಪಾಯಿಂಟು ಅನಾಮತ್ತಾಗಿ ಮೇಲೆ ಹೋಗಬಹುದು. ಪಟ್ಟಿ ಬರಿ ತೋಳಿಗೆ, ಅಂಗಿಯ ಮೇಲಲ್ಲ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಕೂಡದು. ಮೂತ್ರ ಕಟ್ಟಿಕೊಂಡು ಕೂತರೂ ಏರುತ್ತದೆ. (ಬಸ್ ಸ್ಟ್ಯಾಂಡಿನಿಂದ ನೇರವಾಗಿ ಬಂದವರ ಗತಿ ಏನು ಎಂದು ನಾನು ಕೇಳಿದೆ, ಡಾಕ್ಟರು ನಕ್ಕರು.) ನೋಡುವಾಗ ಮಾತಿಲ್ಲ, ಫೋನಿಲ್ಲ. ಒಂದು ಸಲ ಹೆಚ್ಚು ಬಂತೆಂದು ಕಾಯಿಲೆ ಎನ್ನುವ ಹಾಗಿಲ್ಲ. ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದರೆ ಡಾಕ್ಟರು ತೀರ್ಮಾನಿಸುತ್ತಾರೆ. ಆದರೆ 180/120 ಮುಟ್ಟಿ, ಜೊತೆಗೆ ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಇನ್ನೊಂದು ದಿನವೆಂಬ ಮಾತೇ ಇಲ್ಲ, ಆ ಕ್ಷಣವೇ 108ಕ್ಕೆ ಫೋನು.

ಪಟ್ಟಿಯದೂ ಒಂದು ಕತೆ. ಗರಡಿಯ ಪೈಲ್ವಾನನ ತೋಳಿಗೂ ಅದೇ ಪಟ್ಟಿ, ಕಡ್ಡಿಯಂಥ ಅಜ್ಜಿಯ ತೋಳಿಗೂ ಅದೇ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಕಾಣಿಸುತ್ತದೆ, ಸಣ್ಣ ತೋಳಿಗೆ ದೊಡ್ಡದು ಕಟ್ಟಿದರೆ ಇದ್ದದ್ದೂ ಮುಚ್ಚಿಹೋಗುತ್ತದೆ. ಯಂತ್ರ ಸರಿಯಿದೆಯೋ ಇಲ್ಲವೋ ಎಂದು ಯಾವಾಗ ತಾಳೆ ನೋಡಿದರು? ಸಂತೆಯಲ್ಲಿ ಟೊಮೇಟೋ ತೂಗುವ ತಕ್ಕಡಿಗೆ ಮುದ್ರೆ ಬೇಕು, ಮನುಷ್ಯನ ರಕ್ತ ತೂಗುವ ಯಂತ್ರಕ್ಕೆ ಯಾರೂ ಕೇಳುವವರಿಲ್ಲ. ಅಳತೆ ಕಾನೂನಿನ ಸಾಧನಗಳ ಪಟ್ಟಿಯಲ್ಲಿ ರಕ್ತದೊತ್ತಡ ಮಾಪಕವೂ ಸೇರಿದೆ ಎಂಬುದನ್ನು ಇಲಾಖೆಯವರ ನೆನಪಿಗೆ ತರಬಯಸುತ್ತೇನೆ.

ನಮ್ಮೂರಿನ ಔಷಧಿ ವ್ಯಾಪಾರಿಗಳಲ್ಲಿ ನನ್ನ ಅಹವಾಲು ದೊಡ್ಡದೇನಲ್ಲ. ಒಂದು ಒರಗು ಕುರ್ಚಿ, ಪಕ್ಕಕ್ಕೆ ಕೈಯಿಡಲು ಒಂದು ಸ್ಟೂಲು, ಎರಡು ಅಳತೆಯ ಪಟ್ಟಿ. ಬಂದ ಲೆಕ್ಕವನ್ನು ತಾರೀಖು, ಹೊತ್ತು ಹಾಕಿ ಚೀಟಿಯಲ್ಲಿ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ; ಮೂರು ಚೀಟಿ ಸೇರಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ. ‘ಜಾಸ್ತಿ’, ‘ನಾರ್ಮಲ್’ ಎಂಬ ಎರಡು ಮಾತನ್ನು ನಿಮ್ಮ ಹುಡುಗರ ಬಾಯಿಂದ ತೆಗೆಸಿ. ‘ಮಾತ್ರೆ ಕೊಂಡರೆ ಬಿಟ್ಟಿ’ ಬೋರ್ಡು ಇಳಿಸಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಹುಡುಗರನ್ನು ಒಂದು ಭಾನುವಾರ ಒಟ್ಟಿಗೆ ಕೂರಿಸಿ ಪಟ್ಟಿ ಕಟ್ಟುವುದನ್ನು ಹೇಳಿಕೊಡಲಿ. ಅದಕ್ಕೆ ಬಜೆಟ್ಟು ಬೇಡ, ಶಂಕುಸ್ಥಾಪನೆಯೂ ಬೇಡ.

ಇದನ್ನೆಲ್ಲಾ ಬರೆಯುವ ಮುಂಚೆ ನನಗೆ 164 ತೋರಿಸಿದ ಅದೇ ಅಂಗಡಿಗೆ ಹೋಗಿ ಯಜಮಾನರ ಕಿವಿಗೆ ಹಾಕಿದೆ. ಪೂರ್ತಿ ಕೇಳಿಸಿಕೊಂಡರು. ‘ನೀವು ಹೇಳೋದು ಸರಿ ಸಾರ್. ಆದರೆ ಕುರ್ಚಿ ಹಾಕಿದರೆ ಜನ ಕೂತ್ಕೊಂಡು ಎದ್ದೇಳೋದೇ ಇಲ್ಲ. ಮನೆ ಕಷ್ಟ, ಸೊಸೆ ಕಷ್ಟ ಎಲ್ಲಾ ಹೇಳ್ತಾರೆ, ವ್ಯಾಪಾರ ಹಾಳು’ ಎಂದರು.

‘ಹೇಳ್ಲಿ ಬಿಡಿ, ಐದು ನಿಮಿಷ ತಾನೆ? ಪಟ್ಟಿ ಕಟ್ಟೋ ಮುಂಚೆ ಹೇಳಿ ಮುಗಿಸ್ಲಿ’ ಎಂದೆ.

ಅವರು ಗೋದಾಮಿನ ಕಡೆ ತಿರುಗಿ ಹುಡುಗನನ್ನು ಕೂಗಿದರು. ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ಬಂತು. ಒರಗು ಇಲ್ಲ.